ಬಂದೇನವಾಜನ ಪ್ಯಾಕ್‌ಮ್ಯಾನ್ ಎತ್ತು

ಸಿಂದಗಿಯ ಬಂದೇನವಾಜ ಕಂಪ್ಯೂಟರ್ ನೋಡುವ ರೀತಿಯೇ ಬೇರೆ. ಯಾರಾದರೂ ರಿಪೇರಿಗೆಂದು ಅಂಗಡಿಯ ಕಟ್ಟೆಯ ಮೇಲೆ ತಂದಿಟ್ಟರೆ ಮೊದಲು ಅದರ ಸುತ್ತ ಒಂದು ಸುತ್ತು ಬರುತ್ತಾನೆ. ಹಿಂದೆ ನಿಂತು ನೋಡುತ್ತಾನೆ, ಬಗ್ಗಿ ನೋಡುತ್ತಾನೆ, ಬೆನ್ನ ಮೇಲೆ ಕೈಯಾಡಿಸುತ್ತಾನೆ. ಆಮೇಲೆ ಕೇಳುತ್ತಾನೆ: "ಎಷ್ಟು ಹಲ್ಲಾಗ್ಯಾವ?" ಹೊಸಬರಾದರೆ ಗಾಬರಿಯಾಗಿ ತಮ್ಮ ಬಾಯಿ ಮುಟ್ಟಿಕೊಳ್ಳುತ್ತಾರೆ. ಹಳೆಯ ಗಿರಾಕಿಗಳು ಮಾತ್ರ, "ನಾಲ್ಕು ಹಲ್ಲು ಅನ್ರಿ, ಬಾಯಿ ಕೂಡಿಲ್ಲ ಇನ್ನಾ" ಎಂದು ಅವನ ಭಾಷೆಯಲ್ಲೇ ಉತ್ತರ ಕೊಡುತ್ತಾರೆ.

ಅವನ ಅಪ್ಪ ಲಾಲಸಾಬ ಎತ್ತಿನ ದಲಾಲಿ, ಹಲ್ಲು ಎಣಿಸಿ ಎತ್ತಿನ ವಯಸ್ಸು ಹೇಳುವವನು. ಇತ್ತ ಇಂಡಿ, ಅತ್ತ ದೇವಣಗಾಂವದ ತನಕ ಯಾವ ರೈತನೂ ಲಾಲಸಾಬನ ಕೈ ಬೆನ್ನ ಮೇಲೆ ಬೀಳದೆ ಎತ್ತು ಕೊಳ್ಳುತ್ತಿರಲಿಲ್ಲ. ಮಗ ಆರನೆಯ ಇಯತ್ತೆಯಲ್ಲಿ ಮಾಸ್ತರರ ಜೊತೆ ಜಗಳ ತೆಗೆದು ಪಾಟಿಚೀಲ ಅಲ್ಲೇ ಬಿಟ್ಟು ಬಂದಾಗ ಲಾಲಸಾಬ ಬೈಯಲೂ ಇಲ್ಲ, ಹೊಡೆಯಲೂ ಇಲ್ಲ. ದನದ ಸಂತೆಗೆ ಕರೆದುಕೊಂಡು ಹೋದ. ಅಲ್ಲಿ ಹುಡುಗ ಮೈಮೇಲಿನ ಸುಳಿ ನೋಡುವುದು, ಗೊರಸು ನೋಡುವುದು, ಹೆಗಲ ವಲ್ಲಿಯ ಕೆಳಗೆ ಬೆರಳು ಹಿಡಿದು ಗುಟ್ಟಾಗಿ ವ್ಯವಹಾರ ಮುಗಿಸುವುದು, ಎಲ್ಲ ಕಲಿತ. ಕಲಿತು ಮುಗಿಸುವಷ್ಟರಲ್ಲಿ ಊರೂರಿಗೆ ಟ್ರ್ಯಾಕ್ಟರ್ ಬಂತು. ಟ್ರ್ಯಾಕ್ಟರಿಗೆ ಹಲ್ಲೂ ಇಲ್ಲ, ಸುಳಿಯೂ ಇಲ್ಲ. ಅದರ ಬೆನ್ನ ಮೇಲೆ ಕೈಯಾಡಿಸಿದರೆ ಕೈಗೆ ಗ್ರೀಸ್ ಹತ್ತುತ್ತದೆ, ಅಷ್ಟೇ.

ಅಪ್ಪ ತೀರಿಕೊಂಡ ಮೇಲೆ ಬಂದೇನವಾಜ ಮುಚ್ಚಿಹೋದ ಟೈಪಿಂಗ್ ಕ್ಲಾಸಿನ ಕಂಪ್ಯೂಟರುಗಳನ್ನು, ಮುದಿ ಎತ್ತು ಹಿಡಿದು ತಂದ ಹಾಗೆ ತಂದು ಅಂಗಡಿ ಇಟ್ಟ. ಅವಕ್ಕೆಲ್ಲ ವೈರಸ್ಸಿನ ರೋಗ. ಸಕ್ಕರೆ ಕಾರ್ಖಾನೆಗೆ ಬಂದಿದ್ದ ಯಾವನೋ ಪುಣ್ಯಾತ್ಮ ಪೆನ್‌ಡ್ರೈವಿನಲ್ಲಿ ಲಿನಕ್ಸ್ ಹಾಕಿಕೊಟ್ಟು ಹೋದ. ಲಿನಕ್ಸಿನಲ್ಲಿ ಒಂದು ಅನುಕೂಲ. ಕಂಪ್ಯೂಟರಿನೊಳಗಿನ ತಂತ್ರಾಂಶಗಳನ್ನೆಲ್ಲ ಹೊಸದು ಮಾಡುವ ಕೆಲಸ ಒಂದೇ ಸಾಧನದ್ದು. ಒಂದು ಸಾಲು ಬರೆದು ಎಂಟರ್ ಒತ್ತಿದರೆ ಸಾಕು, ಅದು ದೂರದ ಉಗ್ರಾಣಕ್ಕೆ ಹೋಗಿ ಹೊಸ ಸರಕು ಹೇರಿಕೊಂಡು ಬಂದು, ಹಳೆಯದನ್ನು ತೆಗೆದು ಹೊಸದನ್ನು ಇಳಿಸುತ್ತದೆ. ಲಿನಕ್ಸಿನಲ್ಲೂ ನಾಲ್ಕಾರು ಮನೆತನ, ಒಂದೊಂದು ಮನೆತನಕ್ಕೆ ಒಂದೊಂದು ಸಾಧನ: ಒಂದಕ್ಕೆ ಎಪಿಟಿ, ಇನ್ನೊಂದಕ್ಕೆ ಡಿಎನ್‌ಎಫ್, ಬಂದೇನವಾಜನ ಪಾಲಿಗೆ ಬಂದದ್ದಕ್ಕೆ ಪ್ಯಾಕ್‌ಮ್ಯಾನ್. ಇದನ್ನು ಕೇಳಿದ ದಿನ ಬಂದೇನವಾಜನ ಮುಖ ಅರಳಿತು. ಹೇರಿಕೊಂಡು ಬರುತ್ತದೆ, ಇಳಿಸುತ್ತದೆ, ಮನೆತನಕ್ಕೊಂದು ತಳಿ. ಎತ್ತಲ್ಲದೆ ಇನ್ನೇನು ಇದು?

ಅಂದಿನಿಂದ ಚಹಾ ಕುಡಿಯಲು ಕೂತವರಿಗೆಲ್ಲ ತಳಿ ಬಿಡಿಸಿ ಹೇಳುವುದೇ ಅವನ ಕೆಲಸ.

"ಎಪಿಟಿ ಅಂದ್ರ ಕೃಷ್ಣಾತೀರದ ಎತ್ತು. ಮೈ ದೊಡ್ಡದು, ನಡಿಗಿ ಸಾವಕಾಶ. ಯರಿ ಹೊಲದಾಗ ಮೊಣಕಾಲತನಕ ಕೆಸರಿದ್ರೂ ಎಳೀತೈತಿ. ಖರೆ, ಎರಡು ವರ್ಷದ ಹಿಂದಿನ ಕಣಿಕಿ ಮೇವು ತಂದು ಮುಂದ ಹಾಕಿ, ಇದು ತಾಜಾ ಐತಿ ತಿನ್ನು ಅಂತೈತಿ. ಡಿಎನ್‌ಎಫ್ ದೇವಣಿ. ಶಾಣ್ಯಾ ಎತ್ತು. ಏನು ಹೇರಿದೆ, ಎಲ್ಲಿ ಇಳಿಸಿದೆ, ಎಲ್ಲಾ ನೆನಪಿಡತೈತಿ. ಹಾದಿ ತಪ್ಪಿತು ಅಂದ್ರ ಬಂದ ಹಾದೀಲೆ ಹಿಂದಕ್ಕ ಕರಕೊಂಡು ಬರತೈತಿ. ಆದ್ರ ಹೊಂಡೂಕಿಂತ ಮೊದಲ ಊರಾಗಿನ ಮಂದಿಗೆಲ್ಲಾ ನಮಸ್ಕಾರ ಹೇಳೇ ಹೊಂಡತೈತಿ. ಇನ್ನ ಫ್ಲಾಟ್‌ಪ್ಯಾಕ್ ಐತಲ್ಲ, ಅದು ಬೀಗರ ಎತ್ತು. ತನ್ನ ಮೇವು, ತನ್ನ ಗ್ವಾದಲಿ, ತನ್ನ ಗೂಟಾ ಎಲ್ಲಾ ಹೇರಿಕೊಂಡ ಬರತೈತಿ. ಯಾರ ಹಂಗೂ ಇಲ್ಲ ಖರೆ, ನಮ್ಮ ಕೊಟ್ಟಗಿ ತುಂಬಿಸಿ ಹೋಗತೈತಿ."

"ಮತ್ತ ನಿಮ್ಮ ಪ್ಯಾಕ್‌ಮ್ಯಾನ್?" ಎಂದು ಯಾರಾದರೂ ಕೇಳಬೇಕು. ಕೇಳದಿದ್ದರೆ ಅವನಿಗೆ ಸಿಟ್ಟು ಬರುತ್ತದೆ.

"ಪ್ಯಾಕ್‌ಮ್ಯಾನ್ ಖಿಲಾರಿ!" ಎನ್ನುವಾಗ ಅವನ ಧ್ವನಿಯೇ ಬದಲಾಗುತ್ತದೆ. "ನೊಗಾ ಇಡೂದರಾಗ ಹೊಲದ ಆ ಕಡೆ ಬದುವಿಗೆ ಮುಟ್ಟಿರತೈತಿ!"

ದಿನಾ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು, ಕಸ ಹೊಡೆದು, ಊದುಬತ್ತಿ ಹಚ್ಚಿ, ಎಲ್ಲ ಕಂಪ್ಯೂಟರಿನಲ್ಲೂ ಪ್ಯಾಕ್‌ಮ್ಯಾನ್ ಹೊಡೆದೇ ಅವನು ಚಹಾಕ್ಕೆ ಹೇಳುವುದು.

ಇದಕ್ಕೆ ಒಪ್ಪದವನು ಒಬ್ಬನೇ. ಬಸವನ ಬಾಗೇವಾಡಿಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿದ್ದ ಸಂಗಣ್ಣ. ಇಬ್ಬರ ಅಪ್ಪಂದಿರೂ ಸಂತೆಯ ಗೆಳೆಯರು, ಹಾಗಾಗಿ ರಕ್ತಸಂಬಂಧ ಇಲ್ಲದಿದ್ದರೂ ಇವನು ಮಾವ, ಅವನು ಅಳಿಯ. ಸಂಗಣ್ಣ ಎಪಿಟಿಯವನು. ಫೋನ್ ಮಾಡಿದಾಗಲೆಲ್ಲ, "ಏನ್ ಮಾವ, ನಿನ್ನ ಖಿಲಾರಿ ಇವತ್ತ ಯಾರನ್ನ ಹಾಯ್ತು?" ಎಂದೇ ಮಾತು ಶುರು ಮಾಡುತ್ತಿದ್ದ. ಬಂದೇನವಾಜ ಫೋನ್ ಕುಕ್ಕುತ್ತಿದ್ದ. ಮರುದಿನ ಅವನೇ ಮತ್ತೆ ಹಚ್ಚುತ್ತಿದ್ದ, ಬೈಯಲಿಕ್ಕೆ.

ಆದರೆ ಬರೀ ತಳಿ ಹೊಗಳಿದರೆ ಹೊಟ್ಟೆ ತುಂಬುತ್ತದೆಯೇ? ಊರ ಮಂದಿಗೆಲ್ಲ ಕೈಯಲ್ಲೇ ಮೊಬೈಲ್ ಬಂದು ರಿಪೇರಿ ಕೆಲಸ ಒಣಗಿತ್ತು. ಹೆಂಡತಿ ಶಮ್ಶುನ್ನೀಸಾಳ ತಮ್ಮ ಅಫ್ರೋಜ ಮುದ್ದೇಬಿಹಾಳದಲ್ಲಿ ಪ್ಲಾಸ್ಟಿಕ್ ಕೊಡ, ಬಕೆಟ್ ಮಾರುತ್ತಾನೆ. "ಭಾವಾ, ಗಲ್ಲೇದ ಮ್ಯಾಲೆ ಕೂಡಾಕ ಮನಿ ಮನಷ್ಯಾ ಬೇಕಾಗ್ಯಾನ, ಬಂದು ಬಿಡ್ರಿ" ಎಂದು ಬಂದಾಗಲೆಲ್ಲ ಹೇಳುತ್ತಿದ್ದ. ಆ ಮಾತು ಕಿವಿಗೆ ಬಿದ್ದರೆ ಬಂದೇನವಾಜನಿಗೆ ಮೈಗೆ ಬೆಂಕಿ ಹಚ್ಚಿದಂತಾಗುತ್ತಿತ್ತು. ಲಾಲಸಾಬನ ಮಗ ಬಕೆಟ್ ತಿರುವಿ ತಳ ಬಡಿದು ತೋರಿಸಬೇಕೇ?

ಅಷ್ಟರಲ್ಲಿ ಇಂಡಿಯ ಅಬಿದಾ ಅಕ್ಕೋರ ಫೋನ್ ಬಂತು. ಅವರು ನಿವೃತ್ತ ಶಿಕ್ಷಕಿ, ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದರು. ಯಾರೋ ದಾನ ಕೊಟ್ಟ ಹಳೆಯ ಕಂಪ್ಯೂಟರುಗಳು ಬಂದಿವೆ, ದೀಪಾವಳಿ ಮುಗಿದ ಮೇಲೆ ಕಂಪ್ಯೂಟರ್ ಕ್ಲಾಸೂ ಶುರು, ವಾರಕ್ಕೊಮ್ಮೆ ಬಂದು ನೋಡಿಕೊಳ್ಳುವವರು ಬೇಕು. "ಬಾಗೇವಾಡಿ ಸಂಗಣ್ಣಗೂ ಹೇಳೀನಿ. ಇಬ್ಬರೂ ಬಂದು ನಿಮ್ಮ ನಿಮ್ಮ ರೀತಿ ತೋರಸ್ರಿ. ಯಾವುದು ನಮ್ಮ ಹುಡುಗ್ಯಾರಿಗೆ ಒಗ್ಗತೈತೋ ನೋಡೂಣು."

ಈ ಕೆಲಸ ಸಿಕ್ಕರೆ ಅಂಗಡಿ ಉಳಿಯುತ್ತದೆ. ಇಲ್ಲದಿದ್ದರೆ ಬಕೆಟ್.

"ತೋರಸೂದೇನ್ರಿ, ಶರತ್ತು ಇಡ್ರಿ!" ಎಂದ ಬಂದೇನವಾಜ. "ಒಂದ ಗೆರಿ, ಒಂದ ಹೊತ್ತಿಗೆ ಬಿಡೂದು. ಯಾರ ಎತ್ತು ಮೊದಲ ಮುಟ್ಟತೈತಿ, ಕೆಲಸಾ ಅವರದು."

ದೀಪಾವಳಿ ಆದ ಕೂಡಲೆ ಆಗಲಿ ಎಂದರು ಅಕ್ಕೋರು. ಆಗಿನ್ನೂ ಉಗಾದಿಯ ಹೊತ್ತು. ಬಂದೇನವಾಜ ಅವತ್ತೇ ತಯಾರಿಗೆ ನಿಂತ. ಅಂಗಡಿಯಲ್ಲಿ ಇದ್ದುದರಲ್ಲೇ ಒಳ್ಳೆಯ ಕಂಪ್ಯೂಟರನ್ನು ಆರಿಸಿದ. ಧೂಳು ಊದಿದ. ಹೊಸ ಡಿಸ್ಕ್ ಹಾಕಿದ, ಇನ್ನಷ್ಟು ಮೆಮೊರಿ ತುಂಬಿದ, ಪಂದ್ಯದ ಎತ್ತಿಗೆ ಹಿಂಡಿ ತಿನ್ನಿಸಿದ ಹಾಗೆ. ಆಮೇಲೆ ವೈರು ಬಿಚ್ಚಿ ಒಳಕೋಣೆಯಲ್ಲಿಟ್ಟು, ಅಪ್ಪನ ಕಾಲದ, ಎತ್ತಿಗೆ ಹೊದಿಸುವ ಮಖಮಲ್ಲಿನ ಝೂಲವನ್ನು ಹೊದಿಸಿಬಿಟ್ಟ.

ಶಮ್ಶುನ್ನೀಸಾ ಕಸ ಹೊಡೆಯುತ್ತ ಅದನ್ನು ಕಂಡಳು. "ಅಲ್ರಿ, ಯಾಕ ಮುಸುಕ ಹಾಕೀರಿ ಇದಕ? ಬಾಣಂತಿ ಏನು ಇದು?"

"ಮುಟ್ಟಬ್ಯಾಡ ಅದನ್ನ! ಶರತ್ತಿನ ಎತ್ತಿಗೆ ಗಳೆ ಹೂಡತಾರೇನು? ದೀಪಾವಳಿತನಕ ಅದಕ ಕೆಲಸಾ ಇಲ್ಲ. ಮೈ ತುಂಬಲಿ."

"ನನಗೂ ಒಂದು ಶರತ್ತು ಕಟ್ರಿ ಮತ್ತ. ದೀಪಾವಳಿತನಕ ರೊಟ್ಟಿ ಬಡಿಯೂದರೆ ತಪ್ಪತೈತಿ."

ಮಳೆಗಾಲ ಬಂತು, ಹೋಯಿತು. ಅಂಗಡಿಯ ಉಳಿದ ಕಂಪ್ಯೂಟರುಗಳು ದಿನಾ ಬೆಳಿಗ್ಗೆ ಪ್ಯಾಕ್‌ಮ್ಯಾನ್ ಹೊಡೆಸಿಕೊಂಡು ದುಡಿದವು. ಆ ಒಂದು ಮಾತ್ರ ಝೂಲ ಹೊದ್ದು ಮಲಗಿತು. ಸಂತೆ ಬಲ್ಲ ಯಾರನ್ನೇ ಕೇಳಿ, ಮಾಡಿದ್ದು ಸರಿ ಎನ್ನುತ್ತಿದ್ದರು. ಕಂಪ್ಯೂಟರ್ ಬಲ್ಲವರನ್ನು ಕೇಳಬೇಕಿತ್ತು. ಕೇಳಲಿಲ್ಲ. ತನಗಿಂತ ಹೆಚ್ಚು ಬಲ್ಲವರಿದ್ದಾರೆ ಎಂಬ ಮಾತೇ ಅವನಿಗೆ ಆಗಿಬರುವುದಿಲ್ಲ.

ಶರತ್ತಿನ ದಿನ ಝೂಲದ ಸಮೇತ ಕಂಪ್ಯೂಟರನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಇಂಡಿಗೆ ಹೋದ. ಹೊಲಿಗೆ ಮಷೀನುಗಳನ್ನು ಗೋಡೆಗೆ ಸರಿಸಿ ನಡುವೆ ಮೇಜು ಹಾಕಿದ್ದರು. ಹುಡುಗಿಯರು, ಅವರ ಅವ್ವಂದಿರು, ಲಿಂಬೆಹಣ್ಣಿನ ಚೀಲ ಹೇರುವುದು ಬಿಟ್ಟು ಬಂದ ಒಬ್ಬಿಬ್ಬರು ಗಂಡಸರು, ಒಳ್ಳೆಯ ಮಂದಿಯೇ ಕೂಡಿತ್ತು. ಸಂಗಣ್ಣ ಆಗಲೇ ಬಂದು ಉಪ್ಪಿಟ್ಟು ತಿನ್ನುತ್ತ ಕೂತಿದ್ದ. ಜೊತೆಗೆ ಅವನ ತಂಗಿಯ ಮಗಳು ಸುನೀತಾ. ಮುದ್ದೇಬಿಹಾಳದಲ್ಲಿ ಹತ್ತಿ ಮಿಲ್ಲಿನ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು. ಅವಳ ಲ್ಯಾಪ್‌ಟಾಪಿನಲ್ಲಿ ಡಿಎನ್‌ಎಫ್ ಇತ್ತು.

"ಕಾಕಾ, ನನಗ ಕೆಲಸಾ ಬ್ಯಾಡ. ನೋಡಾಕ ಬಂದೀನಿ. ಸುಮ್ಮ ನಂದೂ ಒಂದು ಬಿಡಲೇನು?"

"ಬಿಡವಾ, ಬಿಡು. ಹಿಂದ ಬರಾಕೂ ಒಂದು ಬೇಕಲ್ಲ," ಎಂದ ಬಂದೇನವಾಜ, ದೊಡ್ಡ ಮನಸ್ಸು ಮಾಡಿ.

ಝೂಲ ತೆಗೆದಾಗ ಹುಡುಗಿಯರು ಕಿಸಕ್ಕನೆ ನಕ್ಕರು. ಅಬಿದಾ ಅಕ್ಕೋರು ಕೈ ಎತ್ತಿ ಇಳಿಸಿದರು. ಮೂರು ಎಂಟರ್ ಒಟ್ಟಿಗೆ ಬಿದ್ದವು.

ಸಂಗಣ್ಣನ ಎಪಿಟಿ ಏಳಲೇ ಇಲ್ಲ. ಬೇರೆ ಯಾರೋ ಬೀಗ ಹಿಡಿದಿದ್ದಾರೆ, ಕಾಯುತ್ತಿದ್ದೇನೆ ಎಂದು ಪರದೆಯ ಮೇಲೆ ಬಂತು. ಆ ಕಂಪ್ಯೂಟರ್ ತನ್ನಷ್ಟಕ್ಕೆ ತಾನೇ ಹಿಂದಿನಿಂದ ಅಪ್‌ಡೇಟ್ ಶುರು ಮಾಡಿಕೊಂಡು ಕೂತಿತ್ತು. ಅದು ಮುಗಿಯದೆ ಸಂಗಣ್ಣನ ಮಾತು ನಡೆಯುವುದಿಲ್ಲ.

"ಲೇ ಅಳಿಯಾ!" ಬಂದೇನವಾಜ ತೊಡೆ ತಟ್ಟಿಕೊಂಡು ನಕ್ಕ. "ನಿನ್ನ ಎತ್ತಿನ ಮ್ಯಾಲೆ ಮೊದಲ ಯಾರೋ ಹತ್ತಿ ಕುಂತಾರ! ಕೆಳಗಿಳೀರಪಾ ಅಂತ ಕೈ ಮುಗಿ!"

"ಇಳೀತಾನ ಬಿಡು ಮಾವ, ಅವಸರ ಯಾರಿಗೈತಿ," ಎಂದು ಸಂಗಣ್ಣ ಇನ್ನೊಂದು ತುತ್ತು ಉಪ್ಪಿಟ್ಟು ಬಾಯಿಗೆ ಹಾಕಿಕೊಂಡ.

ಸುನೀತಾಳ ಡಿಎನ್‌ಎಫ್ ಇನ್ನೂ ಉಗ್ರಾಣದ ಯಾದಿ ತರಿಸಿಕೊಳ್ಳುತ್ತಿತ್ತು. ಇತ್ತ ಪ್ಯಾಕ್‌ಮ್ಯಾನ್ ಮಾತ್ರ ಖಿಲಾರಿಯೇ. ಒಂದರ ಹಿಂದೊಂದು ಗೆರೆ ತುಂಬುತ್ತ ಸರಕು ಹೇರಿಕೊಂಡಿತು. ಎಷ್ಟೋ ತಿಂಗಳ ಸರಕು ಒಮ್ಮೆಲೇ ಬಂದರೂ ಉಸಿರು ಬಿಡಲಿಲ್ಲ. ಹುಡುಗಿಯರು ಚಪ್ಪಾಳೆ ತಟ್ಟಿದರು. ಬಂದೇನವಾಜ ಎದ್ದು ನಿಂತ. ಮೀಸೆಗೆ ಕೈ ಹೋಯಿತು.

ಆಗ ನಿಂತಿತು.

ಈ ಪ್ಯಾಕೇಜಿನ ಸಹಿ ನಂಬುವಂಥದ್ದಲ್ಲ, ಕಡತ ಕೆಟ್ಟಿದೆ, ಅಳಿಸಲೇ? ಎಂದು ಕೇಳಿತು. ಅವಸರದಲ್ಲಿ ಬಂದೇನವಾಜ ಹೌದು ಎಂದ. ಮುಂದಿನದ್ದನ್ನೂ ಕೇಳಿತು. ಹೌದು ಎಂದ. ಅದರ ಮುಂದಿನದ್ದು. ಹೌದು, ಹೌದು, ಹೌದು. ಹೀಗೆ ಹೇರಿಕೊಂಡು ಬಂದ ಸರಕನ್ನು ದಾರಿಯುದ್ದಕ್ಕೂ ಚೆಲ್ಲುತ್ತ ಬಂದು, ಕಡೆಗೆ ಏನನ್ನೂ ಇಳಿಸದೆ ಪ್ಯಾಕ್‌ಮ್ಯಾನ್ ಸುಮ್ಮನೆ ನಿಂತುಬಿಟ್ಟಿತು.

"ಏ, ನಡಿಯೋ! ಯಾಕ ನಿಂತಿ? ನಿನ್ನ ಹೊಟ್ಟಿಗೆ ಏನು ಕಡಿಮಿ ಮಾಡೀನಿ?" ಬಂದೇನವಾಜ ಮತ್ತೆ ಎಂಟರ್ ಹೊಡೆದ. ಮತ್ತೆ ಹೇರಿಕೊಂಡಿತು, ಮತ್ತೆ ಚೆಲ್ಲಿತು. ಕಂಪ್ಯೂಟರಿನ ಬೆನ್ನಿಗೆ ಒಂದು ಗುದ್ದಿದ. ವೈ-ಫೈ ಬೈದ. ಮೇಜು ಅಲುಗಾಡುತ್ತದೆ ಎಂದು ಮೇಜು ಬೈದ. ನಗುತ್ತ ನಿಂತ ಲಿಂಬೆಹಣ್ಣಿನ ಗಂಡಸನ್ನು, "ನಿನ್ನ ಚೀಲಾ ಕೊಳಿಯಾಕತ್ತಾವ, ಹೋಗು!" ಎಂದು ಅಟ್ಟಿದ.

ಸುನೀತಾ ಮೆಲ್ಲಗೆ ಬಗ್ಗಿ ಪರದೆ ನೋಡಿದಳು. "ಕಾಕಾ, ಇದನ್ನ ಕಡೀಕ ಯಾವಾಗ ಅಪ್‌ಡೇಟ್ ಮಾಡಿದ್ರಿ?"

"ಉಗಾದಿಗೆ. ಯಾಕ?"

"ಅಯ್ಯ, ಅಲ್ಲಿಂದ ಇಲ್ಲೀತನಕ ಮುಟ್ಟಿಲ್ಲ?"

"ಶರತ್ತಿನ ಎತ್ತು, ಹೂಡತಾರೇನವಾ?"

ಸುನೀತಾ ನಗು ತಡೆದುಕೊಂಡು ತುಟಿ ಕಚ್ಚಿದಳು. "ಕಾಕಾ, ಸರಕಿನ ಮ್ಯಾಲೆ ಸಹಿ ಹಾಕೂ ಮಂದಿ ಬದಲಾಗತಿರತಾರ. ಅವರ ಯಾದೀನೂ ದಿನಾ ಅಪ್‌ಡೇಟಿನ ಸಂಗಾಟ ಬರತೈತಿ. ನಿಮ್ಮ ಕಂಪ್ಯೂಟರಿನಾಗಿನ ಯಾದಿ ಉಗಾದೀದು. ಹೊಸಾ ಮಂದಿ ಗುರುತ ಹತ್ತವಲ್ದು ಅದಕ. ಮೊದಲ ಆ ಯಾದಿ ಒಂದ ತರಿಸಿ, ಆಮ್ಯಾಲೆ ಉಳಿದಿದ್ದು ಬಿಡ್ರಿ."

ಬಂದೇನವಾಜನಿಗೆ ಒಮ್ಮೆಲೇ ಅರ್ಥವಾಯಿತು. ಸಂತೆಯಲ್ಲಿ ಗುರುತಿನ ದಲಾಲಿ ಜಾಮೀನು ನಿಲ್ಲದೆ ಯಾರೂ ಎತ್ತಿನ ಹಗ್ಗ ಹಿಡಿಯುವುದಿಲ್ಲ. ಎಂಟು ತಿಂಗಳು ಸಂತೆಗೇ ಹೋಗದವನಿಗೆ ಹೊಸ ದಲಾಲಿಗಳ ಗುರುತು ಎಲ್ಲಿಂದ ಬರಬೇಕು? ದಿನಾ ಹೂಡುತ್ತಿದ್ದ ಅಂಗಡಿಯ ಬಡಪಾಯಿ ಕಂಪ್ಯೂಟರುಗಳಲ್ಲಿ ಯಾವುದನ್ನು ತಂದಿದ್ದರೂ ಗೆಲ್ಲುತ್ತಿತ್ತು. ಝೂಲ ಹೊದಿಸಿ ಸಾಕಿದ್ದೇ ಕೈಕೊಟ್ಟಿತು.

ಅವಳು ಹೇಳಿದ ಹಾಗೆ ಯಾದಿ ತರಿಸಿದ. ಆಗ ಪ್ಯಾಕ್‌ಮ್ಯಾನ್ ಬಿಟ್ಟ ಬಾಣದ ಹಾಗೆ ಹೊರಟಿತು. ಅಷ್ಟರಲ್ಲಿ ನಮಸ್ಕಾರ ಮುಗಿಸಿದ ಡಿಎನ್‌ಎಫ್ ಕೆಲಸವನ್ನೂ ಮುಗಿಸಿ ಕೂತಿತ್ತು. ಕೆಲಸ ಬೇಡವೆಂದವಳೇ ಶರತ್ತು ಗೆದ್ದಿದ್ದಳು. ಸಂಗಣ್ಣನ ಎಪಿಟಿ ಎದ್ದು, ಹಳೆಯ ಸೆಟ್ಟಿಂಗ್ ಇಡಲೋ ಹೊಸದು ಹಾಕಲೋ ಎಂದು ಹೆಜ್ಜೆಗೊಮ್ಮೆ ಕೇಳುತ್ತ, ಸಂಗಣ್ಣ "ಇದ್ದದ್ದ ಇರಲಿ, ಇದ್ದದ್ದ ಇರಲಿ" ಎನ್ನುತ್ತ, ಹೇಗೋ ಎರಡನೆಯದಾಗಿ ಬಂತು; ಚೆಲ್ಲಿದ್ದನ್ನೆಲ್ಲ ಮತ್ತೆ ಹೇರಿಕೊಂಡು ಬರಬೇಕಾದ ಪ್ಯಾಕ್‌ಮ್ಯಾನ್ ಎಲ್ಲರಿಗಿಂತ ಕಡೆಗೆ.

ಅಬಿದಾ ಅಕ್ಕೋರು ಶರತ್ತಿನ ಲೆಕ್ಕ ಕೇಳಲಿಲ್ಲ. ಎದ್ದು ಬಂದು ಬಂದೇನವಾಜನ ಕಂಪ್ಯೂಟರಿನ ಬೆನ್ನ ಮೇಲೆ ಕೈಯಿಟ್ಟರು.

"ನನಗ ಒಂದ ಮಾತು ಹೇಳ್ರಿ. ಬ್ಯಾಸಗಿ ಸೂಟಿಯೊಳಗ ಕ್ಲಾಸಿಗೆ ಬೀಗಾ. ಹಬ್ಬದಾಗ ಬೀಗಾ. ಲಿಂಬಿಹಣ್ಣಿನ ಸುಗ್ಗಿಯೊಳಗ ಹುಡುಗ್ಯಾರು ಬರಂಗಿಲ್ಲ. ತಿಂಗಳಾನುಗಟ್ಟಲೆ ಸುಮ್ಮ ಕಟ್ಟಿಹಾಕಿ, ಒಂದಿನಾ ಎಬ್ಬಿಸಿದ್ರ ಇದು ಎದ್ದು ನಡೀತೈತೇನು?"

ಬಂದೇನವಾಜ "ನಡೀತೈತ್ರಿ, ಇವತ್ತೇನೋ ಒಂದಿಷ್ಟು ಹಟಾ ಮಾಡ್ತು" ಎಂದುಬಿಟ್ಟಿದ್ದರೆ ಅಕ್ಕೋರಿಗೆ ಏನು ತಿಳಿಯುತ್ತಿತ್ತು? ಆದರೆ ಅವರ ಕೈ ಬೆನ್ನ ಮೇಲಿತ್ತು. ಕೊಳ್ಳುವವನು ಬೆನ್ನ ಮೇಲೆ ಕೈಯಿಟ್ಟು ಕೇಳಿದರೆ ಇದ್ದ ಐಬು ಹೇಳಲೇಬೇಕು, ಹೇಳದವನ ಮನೆಯಲ್ಲಿ ದನ ನಿಲ್ಲುವುದಿಲ್ಲ ಎನ್ನುವುದು ಲಾಲಸಾಬನ ರಿವಾಜು. ಕಂಪ್ಯೂಟರಿನ ಬೆನ್ನಿಗೂ ಆ ರಿವಾಜು ಹತ್ತುತ್ತದೆಯೋ ಇಲ್ಲವೋ ಎಂದು ಅವನು ಒಂದು ಗಳಿಗೆ ಯೋಚಿಸಿದ. ಕಣ್ಣ ಮುಂದೆ ಕೆಂಪು, ಹಸಿರು, ನೀಲಿ ಬಕೆಟ್‌ಗಳು ಸಾಲಾಗಿ ನಿಂತವು.

"ಇಲ್ರಿ," ಎಂದ. ಸಿಟ್ಟಿನಿಂದಲೇ ಎಂದ. "ಇದು ದಿನಾ ಹೂಡೂ ಎತ್ರಿ. ಕಟ್ಟಿಹಾಕಿದ್ರ ಹಟಾ ಹಿಡೀತೈತಿ. ನಾ ಇದ್ರ ಎಬ್ಬಸ್ತೇನಿ, ಹುಡುಗ್ಯಾರಿಗೆ ಆಗಂಗಿಲ್ಲ. ಡಿಎನ್‌ಎಫ್ ಚಲೋ ಐತಿ, ಖರೆ ವರ್ಷಕ್ಕೊಮ್ಮೆ ಬುಡಸಮೇತ ಹೊಸಾದು ಹಾಕಬೇಕಾಗತೈತಿ. ನಿಮಗ ಬೇಕಾಗಿದ್ದು... ಆ ಉಪ್ಪಿಟ್ಟು ತಿನ್ನಾಕತ್ತಾನಲ್ರಿ, ಅವಂದು. ಎಪಿಟಿ. ವರ್ಷಾನುಗಟ್ಟಲೆ ಗೂಟಕ್ಕ ಕಟ್ರಿ, ಎದ್ದು ಮೈ ಮುರದು ನಡೀತೈತಿ. ಆತೇನ್ರಿ? ಬಾಯಿ ಬಿಡಿಸಿದ್ರಲ್ಲ!"

ಸಂಗಣ್ಣನ ಕೈಯಲ್ಲಿನ ತುತ್ತು ಕೈಯಲ್ಲೇ ಉಳಿಯಿತು. ಇಷ್ಟು ವರ್ಷ ಕೇಳಲು ಹಂಬಲಿಸಿದ ಮಾತು ಇಷ್ಟು ಮಂದಿಯ ಮುಂದೆ, ಅದೂ ಬೈಗುಳದ ಹಾಗೆ ಕಿವಿಗೆ ಬಿದ್ದಿತ್ತು.

"ಹಂಗಾದ್ರ ಸಂಗಣ್ಣಾ, ಕೆಲಸಾ ನಿಂದು," ಎಂದರು ಅಬಿದಾ ಅಕ್ಕೋರು.

ಸಂಗಣ್ಣ ಕೈ ಒರೆಸಿಕೊಂಡ. "ಅಕ್ಕೋರ, ಸಿಟ್ಟಾಗಬ್ಯಾಡ್ರಿ. ವಾರಾ ವಾರಾ ವಿಜಾಪುರದಾಗ ಇಳದು, ಬಸ್ ಬದಲಿಸಿ, ಇಂಡಿತನಕ ಬರೂದು ನನ್ನ ನಡಕ್ಕ ಆಗಂಗಿಲ್ರಿ."

"ಮತ್ತ ಯಾಕ ಬಂದ್ಯೋ ಲೇ?" ಬಂದೇನವಾಜ ಗುಡುಗಿದ.

"ಪ್ಯಾಕ್‌ಮ್ಯಾನ್ ಸೋಲೂದು ನೋಡಾಕ."

ಇಡೀ ಕೋಣೆ ನಕ್ಕಿತು. ಬಂದೇನವಾಜ ಝೂಲವನ್ನು ಉಂಡೆ ಮಾಡಿ ಸಂಗಣ್ಣನ ಮುಖಕ್ಕೆ ಒಗೆದ. ಅಬಿದಾ ಅಕ್ಕೋರು ನಗು ನಿಲ್ಲುವವರೆಗೆ ಕಾದು, "ಎತ್ತು ಸಂಗಣ್ಣಂದು ಇರಲಿ. ಹೊಡಿಯಾಕ ಐಬು ಹೇಳಾವ ಇರಲಿ. ಸಿಂದಗಿಯಿಂದ ಬಸ್ಸು ಸೀದಾ ಬರತೈತಲ್ಲ?" ಎಂದರು.

"ಅವನ ಎತ್ತು ನಾ ಹೊಡೀಬೇಕೇನ್ರಿ? ಎಪಿಟಿ? ನಾನು?"

"ಬ್ಯಾಡಾಗಿದ್ರ ಬಿಡ್ರಿ. ನಿಮ್ಮ ಮುದ್ದೇಬಿಹಾಳದ ಮೈದುನ ಹ್ವಾದ ವಾರ ಕೊಡ ಮಾರಾಕ ನಮ್ಮ ಓಣಿಗೆ ಬಂದಿದ್ದ. ಭಾವಾ ಅಂಗಡಿಗೆ ಬರತಾರ ಅಂತ ಹೇಳಾಕತ್ತಿದ್ದ."

ಬಂದೇನವಾಜ ಸಂಗಣ್ಣನ ಕೈಯಿಂದ ಝೂಲ ಕಿತ್ತುಕೊಂಡ. ಆಮೇಲೆ, "ಶನಿವಾರ ಬರ್ತೇನ್ರಿ," ಎಂದ.

ಹೀಗೆ ಇಂಡಿಯ ಹೊಲಿಗೆ ಕ್ಲಾಸಿನ ಕಂಪ್ಯೂಟರುಗಳಿಗೆಲ್ಲ ಬಂದೇನವಾಜನ ಕೈಯಿಂದಲೇ ಎಪಿಟಿಯ ಮನೆತನದ ಲಿನಕ್ಸ್ ಬಿತ್ತು. ಶನಿವಾರದ ಮೊದಲ ಬಸ್ಸಿಗೆ ಹೋಗುತ್ತಾನೆ. ಹುಡುಗಿಯರನ್ನು ಸಾಲಾಗಿ ಕೂಡಿಸುತ್ತಾನೆ. ಅಪ್‌ಡೇಟಿನ ಸಾಲು ಬರೆಸುತ್ತಾನೆ. ಎಂಟರ್ ಒತ್ತಿದ ಮೇಲೆ ಆ ಎಪಿಟಿ ಸಾವಕಾಶ ತೂಗಾಡುತ್ತ ಹೊರಡುವುದನ್ನು ನೋಡಿದರೆ ಅವನಿಗೆ ತಡೆಯುವುದಿಲ್ಲ. "ಹೈ! ಹೈ! ನಡಿಯೋ ಮೈಗಳ್ಳಾ!" ಎಂದು ಒದರಿಬಿಡುತ್ತಾನೆ. ಮೇಷ್ಟ್ರು ಮಾಡಿದ್ದನ್ನೇ ಮಕ್ಕಳು ಕಲಿಯುವುದು. ಎರಡೇ ವಾರದಲ್ಲಿ ಹುಡುಗಿಯರೂ ಎಂಟರ್ ಒತ್ತಿ ಒದರಲು ಹತ್ತಿದರು. ಗುಲನಾಜ ಎಂಬವಳು ಅದೂ ಪಾಠವೇ ಎಂದು ತಿಳಿದು, ಅಪ್‌ಡೇಟಿನ ಸಾಲಿನ ಮುಂದೆ "ಹೈ ಹೈ" ಎಂದು ಟೈಪ್ ಮಾಡಿಬಿಟ್ಟಳು. ಅಂಥ ಆಜ್ಞೆ ಇಲ್ಲ ಎಂದಿತು ಕಂಪ್ಯೂಟರ್.

"ಏ ಹುಚ್ಚಿ, ಅದು ಬಾಯಿಲೆ ಅನ್ನೂದವಾ, ಬರಿಯೂದಲ್ಲ!" ಎಂದು ಬಂದೇನವಾಜ ತಲೆ ಚಚ್ಚಿಕೊಂಡ.

ಹೊರಗೆ ಕಟ್ಟೆಯ ಮೇಲೆ ರವಕೆಗೆ ಗುಂಡಿ ಹಚ್ಚುತ್ತ ಕೂತಿದ್ದ ಅಬಿದಾ ಅಕ್ಕೋರು ಕನ್ನಡಕ ಸರಿಸಿ ಒಳಗೆ ಇಣುಕಿದರು. "ಬಂದೇನವಾಜ, ಅನ್ನಾಕೇ ಬೇಕೇನು ಅದನ್ನ? ಓಣಿಗೆಲ್ಲಾ ಕೇಳಸ್ತೈತಿ."

"ಪ್ಯಾಕ್‌ಮ್ಯಾನ್ ಆಗಿದ್ರ ಬೇಕಾಗಿರಲಿಲ್ರಿ, ಅಕ್ಕೋರ," ಎಂದ ಅವನು. "ಎಪಿಟಿಗೆ ಅನ್ನಾಕೇ ಬೇಕು."